ಅರಸರ ರುಜು, ಅಕ್ಷರದ ಮನೆ

ಹಂಪಿ ಬಜಾರಿನ ಪಡುವಣ ತುದಿಗೆ ವಿರೂಪಾಕ್ಷನ ಗುಡಿ. ಒಳಗೆ ರಂಗಮಂಟಪದ ಬಳಿ ಒಂದು ಶಾಸನದ ಕಲ್ಲು ನಿಂತಿದೆ. ಕೃಷ್ಣದೇವರಾಯನ ಪಟ್ಟಾಭಿಷೇಕವನ್ನೂ ಆ ಮಂಟಪ ಕಟ್ಟಿಸಿದ್ದನ್ನೂ ಸಾರುವ 1510ರ ಕಲ್ಲು ಅದು. ಸವೆದ ಶಾಸನಗಳನ್ನು ನಡುಹಗಲ ಬಿಸಿಲಲ್ಲಿ ಓದುವುದು ಕಷ್ಟ. ಓರೆಯಾಗಿ ಬೆಳಕು ಬಿದ್ದಾಗ ಮಾತ್ರ ಗೆರೆಗೆರೆಗೂ ನೆರಳು ಕೂತು ಅಕ್ಷರ ಏಳುತ್ತದೆ.

ಇಂಥ ಅಕ್ಷರಗಳಿಗಾಗಿ ಹಂಪಿಯಲ್ಲಿ ಒಂದು ಮನೆ ಕಟ್ಟಿದರೆ, ಲಿಪಿಯಿಂದಲೇ ರೂಪ ಪಡೆದ ಆ ರಾಷ್ಟ್ರೀಯ ವಸ್ತುಸಂಗ್ರಹಾಲಯ ಹೇಗಿರಬಹುದು? ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ 2023ರಲ್ಲಿ ತೆರೆದ ವಿಶ್ವ ಲಿಪಿಗಳ ಸಂಗ್ರಹಾಲಯದ ಬಿಳಿ ಗೋಡೆಗಳು ಬಿಚ್ಚಿಟ್ಟ ಕಾಗದದ ಸುರುಳಿಯಂತೆ ಬಳುಕುತ್ತವೆ. ಸೊಗಸಾದ ಕಲ್ಪನೆ. ಆದರೆ ಹಂಪಿಗೆ ಕಾಗದ ಒಗ್ಗದು. ಇಲ್ಲಿನ ಅಕ್ಷರ ಉಳಿಯ ಏಟು ತಿಂದು ಹುಟ್ಟಿದ್ದು.

ಇಲ್ಲಿನ ವಿನ್ಯಾಸಕ್ಕೆ ಬೀಜ ಬೇಕಿದ್ದರೆ ವಿಜಯನಗರದ ತಾಮ್ರಪಟಗಳ ಕೊನೆಯ ಸಾಲು ನೋಡಬೇಕು. ಪಟದ ಉದ್ದಕ್ಕೂ ಸಂಸ್ಕೃತ, ನಂದಿನಾಗರಿ ಲಿಪಿಯಲ್ಲಿ. ಕಟ್ಟಕಡೆಗೆ ದೊರೆಯ ರುಜು ಮಾತ್ರ ಕನ್ನಡ ಅಕ್ಷರಗಳಲ್ಲಿ: 'ಶ್ರೀ ವಿರೂಪಾಕ್ಷ'. ಅರಸರು ತಮ್ಮ ಹೆಸರು ಬರೆಯದೆ ಬಜಾರಿನ ತುದಿಯ ದೇವರ ಹೆಸರು ಬರೆದರು. ರಾಜಧಾನಿ ಕೈಬಿಟ್ಟು ಹೋದ ಮೇಲೆ, ಅರವೀಡು ವಂಶದ ವೆಂಕಟಪತಿಯ ಕಾಲಕ್ಕೆ, ಅದೇ ಜಾಗದಲ್ಲಿ 'ಶ್ರೀ ವೆಂಕಟೇಶ' ಬಂತು. ಒಂದು ಸಾಮ್ರಾಜ್ಯ ನೆಲೆ ಬದಲಿಸಿದ ಕಥೆ ಎರಡು ರುಜುಗಳಲ್ಲಿ ಸಿಗುತ್ತದೆ. ಇದಕ್ಕಾಗಿಯೇ ಒಂದು ಇಡೀ ಕೋಣೆ ಮೀಸಲಿಡಬೇಕು.

ಮಾದರಿ ದೂರವಿಲ್ಲ. ಬ್ರಿಟಿಷರ ಕಾಲದಲ್ಲಿ ಆನೆ ಲಾಯದಲ್ಲಿ ಕೂಡಿಹಾಕಿದ್ದ ಶಿಲ್ಪಗಳು 1972ರಲ್ಲಿ ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಬಂದವು. ಕಟ್ಟಡದ ನಡುವೆ ಹಂಪಿಯ ಬೆಟ್ಟ, ಹೊಳೆ, ಗುಡಿಗಳ ಕಿರುಪ್ರತಿಕೃತಿ, ಸುತ್ತ ಶಿಲ್ಪ, ನಾಣ್ಯ, ತಾಮ್ರಪಟ. ನೋಡುಗರಿಗೆ ಮೊದಲು ನೆಲ, ಆಮೇಲೆ ವಸ್ತು. ಬಲು ಒಳ್ಳೆಯ ಯೋಚನೆ ಅದು. ಶಾಸನಗಳಿಗೂ ಹೀಗೇ ಆಗಬೇಕು. ಯಾವ ಕಲ್ಲು ಯಾವ ಊರಲ್ಲಿದೆಯೆಂದು ನಕ್ಷೆ ತೋರಿಸಲಿ, ಗೋಡೆಯ ಸೀಳುಗಳಿಂದ ಬಿಸಿಲು ಓರೆಯಾಗಿ ಬೀಳಲಿ. ಮೂಲದ ಕಲ್ಲುಗಳನ್ನಂತೂ ಕಿತ್ತು ತರುವುದು ಬೇಡ, ಪ್ರತಿಕೃತಿ ಸಾಕು.

ಮಕ್ಕಳಿಗೆ ಈ ಹೊಸ ಸಂಗ್ರಹಾಲಯದಲ್ಲಿ ಪಡಿಯಚ್ಚು ತೆಗೆಯಲು ಬಿಡಬೇಕು. ತೊಳೆದ ಕಲ್ಲಿಗೆ ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಕುಳಿಗೆ ಇಳಿಸಿ, ಮೇಲೆ ಮಸಿ ಒತ್ತಿದರೆ ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಮೂಡುತ್ತದೆ. ಪುರಾತತ್ವ ಇಲಾಖೆಯ ಮೈಸೂರಿನ ಶಾಸನ ಶಾಖೆಯವರು ಇಂದಿಗೂ ಹೀಗೇ ಮಾಡುತ್ತಾರೆ. ಒಣಗಿದ ಆ ಹಾಳೆ ಹಿಡಿದು ಬಜಾರಿಗೆ ಬಂದ ಮಗು, ಗುಡಿಯ ಕಲ್ಲಿನ ಮುಂದೆ ನಿಂತು, ಒಂದೊಂದೇ ಅಕ್ಷರ ಹೋಲಿಸಿ ನೋಡಬಹುದು.