ಐದು ಟಿಕ್, ಒಂದು ಮಾಯವಾದ ಸ್ಪ್ರಿಂಗ್

ಎಚ್‌ಎಂಟಿ ಜನತಾ ಕೈಗಡಿಯಾರ ಬಿಚ್ಚುವುದು ಸುಲಭ. ಜೋಡಿಸಿ ಮುಗಿದ ಮೇಲೆ ಮೇಜಿನ ಮೇಲೊಂದು ಸ್ಕ್ರೂ ಉಳಿದರೆ ತಲೆನೋವು ಶುರು.

1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿಯ ಗಡಿಯಾರ ಕಾರ್ಖಾನೆ ಶುರುವಾಯಿತು. ಉತ್ಪಾದನೆ ನಿಂತ ಮೇಲೆ, ಕೀಲಿ ಕೊಡುವ ಆ ಗಡಿಯಾರಗಳನ್ನು ಹುಡುಕಿ ರಿಪೇರಿ ಮಾಡುವ ಹವ್ಯಾಸಿಗಳ ಬಳಗವೇ ಹುಟ್ಟಿಕೊಂಡಿದೆ. ಜನತಾದ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ ತೊನೆಯುತ್ತದೆ. ಆ ಲಯ ಕಾಯುವುದು ಕೂದಲೆಳೆಯಂಥ ಹೇರ್‌ಸ್ಪ್ರಿಂಗ್.

ಇದಕ್ಕೆ ಆಯಸ್ಕಾಂತ ಕಂಡರಾಗದು. ಸ್ಪೀಕರ್ ಪಕ್ಕದಲ್ಲಿಟ್ಟ ಗಡಿಯಾರದ ಹೇರ್‌ಸ್ಪ್ರಿಂಗ್ ಕಾಂತೀಯಗೊಂಡರೆ ಸುರುಳಿಗಳು ಒಂದಕ್ಕೊಂದು ಅಂಟಿ, ಸ್ಪ್ರಿಂಗ್ ಗಿಡ್ಡವಾದಂತೆ ವರ್ತಿಸುತ್ತದೆ. ಮುಳ್ಳುಗಳು ಎದ್ದುಬಿದ್ದು ಓಡುತ್ತವೆ. ಹೊಸಬರು ಎಲ್ಲ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಬೆವರು ಸುರಿಸುತ್ತಾರೆ. ಪಳಗಿದವರು ಮೊದಲು ದಿಕ್ಸೂಚಿಯ ಬಳಿ ಹಿಡಿಯುತ್ತಾರೆ. ಅದರ ಸೂಜಿ ನಡುಗಿತೇ? ಕಾಂತತೆ ಕಳೆಯುವ ಡಿಮ್ಯಾಗ್ನೆಟೈಸರ್‌ನ ಗುಂಡಿ ಒತ್ತಿದರೆ ಕೆಲಸ ಮುಗಿಯಿತು.

ಚಿಮುಟದಿಂದ ಚಿಮ್ಮಿದ ಸ್ಪ್ರಿಂಗ್‌ನದು ಬೇರೆ ಕತೆ. ಮಂಚದಡಿ ಆಯಸ್ಕಾಂತ ಆಡಿಸಿ ಹುಡುಕಿದರೆ ಸಿಗುತ್ತದೇನೋ ನಿಜ, ಆದರೆ ಸಿಕ್ಕ ಭಾಗವೂ ಕಾಂತೀಯವಾಗಿರುತ್ತದೆ! ಅದಕ್ಕೇ ಜಾಣರು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟೇ ಇಂಥ ಕೆಲಸ ಮಾಡುತ್ತಾರೆ. ನೋಡುವವರಿಗೆ ನಗು, ಮಾಡುವವರಿಗೆ ನೆಮ್ಮದಿ.

ಕೊಳ್ಳುವಾಗಲೂ ಮೋಸ ಹೋಗುವುದುಂಟು. ಥಳಥಳ ಹೊಳೆಯುವ ‘ಹಳೆಯ’ ಡಯಲ್‌ಗೆ ಎಷ್ಟೋ ಸಲ ಇತ್ತೀಚೆಗೆ ಬಣ್ಣ ಬಳಿದಿರುತ್ತಾರೆ. ಮಾಸಿದ, ಕಲೆಬಿದ್ದ ಡಯಲೇ ಹೆಚ್ಚು ನಂಬಿಕಸ್ಥ. ಬಿಡಿಭಾಗ ಬೇಕೆಂದರೆ ಕೆಟ್ಟು ಕೂತ ಇನ್ನೊಂದು ಜನತಾ ಕೊಳ್ಳಬೇಕು. ಅದನ್ನು ಬಿಚ್ಚುವಾಗ ‘ಇದೂ ನಡೆಯಬಹುದಲ್ಲ’ ಎನಿಸಿ, ಮೂರನೆಯದಕ್ಕೆ ಹುಡುಕಾಟ ಶುರುವಾಗುತ್ತದೆ.