ತಣ್ಣೀರು ಮೇಲೇಳುವ ಹೊತ್ತು

ಶ್ರಾವಣ ಮುಗಿಯುತ್ತ ಬಂದಂತೆ ಮಲ್ಪೆಯ ಅಳಿವೆಯಾಚೆ ಕಡಲು ಬಣ್ಣ ಬದಲಿಸುತ್ತದೆ. ಹೊಳೆ ತಂದು ಸುರಿದ ಕೆಂಗಂದು ಕದಡು ತಿಳಿಯಾಗಿ, ಅದರಾಚೆ ಪಾಚಿಹಸಿರಿನ ಪಟ್ಟೆಯೊಂದು ಮೂಡುತ್ತದೆ. ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣದ ಡಯಾಟಮ್ ಎಂಬ ಸೂಕ್ಷ್ಮಪಾಚಿಗಳ ಹಸಿರು ಅದು. ಮಳೆಗಾಲದಲ್ಲಿ ವಾಯವ್ಯದಿಂದ ಕರಾವಳಿಯುದ್ದಕ್ಕೂ ಬೀಸುವ ಗಾಳಿ, ಭೂಮಿಯ ತಿರುಗುವಿಕೆಯ ಜೊತೆಗೂಡಿ, ಮೇಲ್ನೀರನ್ನು ಮೆಲ್ಲಗೆ ಪಡುವಣಕ್ಕೆ ಸರಿಸುತ್ತದೆ. ತೆರವಾದ ಜಾಗಕ್ಕೆ ಅಡಿಯ ತಣ್ಣೀರು ತಳದ ಸತ್ವವನ್ನೂ ಹೊತ್ತು ಏರಿಬರುತ್ತದೆ. "ನೀರು ತಂಪಾಯ್ತಲ್ಲ ಮಾರಾಯ್ರೆ, ಇನ್ನು ಬೂತಾಯಿ ಬರ್ತದೆ" ಎನ್ನುತ್ತಾರೆ ಬಲೆ ಹೊಲಿಯುತ್ತ ಕೂತವರು.

ಹಸಿರು ಮೂಡಿದ ಮೇಲೆ ನಾನು ನೀರನ್ನು ಬಿಟ್ಟು ರೀವ ಹಕ್ಕಿಗಳನ್ನೇ ನೋಡುತ್ತೇನೆ. ಹಳದಿ ಕೊಕ್ಕು, ಕೆದರಿದ ಕರಿ ಜುಟ್ಟು, ಬೂದು ಬೆನ್ನು. ಗಾಳಿಗೆದುರಾಗಿ ತಲೆ ತಗ್ಗಿಸಿ ಹಾರುತ್ತ ಬಂದ ಹಕ್ಕಿ ಇದ್ದಕ್ಕಿದ್ದಂತೆ ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ ಒಂದೆಡೆ ನಿಲ್ಲುತ್ತದೆ. ರೆಕ್ಕೆ ಮಾತ್ರ ಪಟಪಟ ಬಡಿಯುತ್ತಿರುತ್ತದೆ, ಕಣ್ಣು ಕದಲುವುದಿಲ್ಲ. ಎಷ್ಟೋ ಸಲ ಮನಸ್ಸು ಬದಲಿಸಿ ಮುಂದೆ ಸಾಗುತ್ತದೆ. ಬಿದ್ದರೆ ಮಾತ್ರ ರೆಕ್ಕೆ ಮಡಚಿ ನೇರ ಬೀಳುತ್ತದೆ. ಮೈ ಮುಳುಗುವಷ್ಟೇ ಆಳ. ಎದ್ದು ಮೈ ಕೊಡವಿ, ಅಡ್ಡ ಹಿಡಿದ ಮೀನನ್ನು ಕೊಕ್ಕಿನಲ್ಲೇ ತಿರುಗಿಸಿ, ತಲೆಯ ಕಡೆಯಿಂದ ನುಂಗುತ್ತದೆ.

ಕೈರಂಪಣಿ ಬಲೆಯಿಂದ ಜಾರಿದ ಬೂತಾಯಿ ಮೀನೊಂದನ್ನು ಅಂಗೈಯಲ್ಲಿಟ್ಟು ನೋಡಿದ್ದೇನೆ. ಬೆನ್ನು ಹಸಿರುಮಿಶ್ರಿತ ನೀಲಿ, ಹೊಟ್ಟೆ ಬೆಳ್ಳಿ. ಕಿವಿರಿನ ಮುಚ್ಚಳದ ಅಂಚಿಗೆ ಒಂದು ಕರಿಚುಕ್ಕೆ; ಅದರ ಹಿಂದಿನಿಂದ ಬಾಲದತ್ತ ಸಾಗುವ ಮಸುಕು ಹೊಂಬಣ್ಣದ ಗೆರೆ ಬಿಸಿಲಿಗೆ ತಿರುಗಿಸಿದರಷ್ಟೇ ಕಾಣುತ್ತದೆ.

ಪೆಸಿಫಿಕ್‌ನ ಆಚೆ ದಡದಲ್ಲಿ, ಪೆರುವಿನ ಕರಾವಳಿಯಲ್ಲಿ, ತಣ್ಣೀರು ಮೇಲೇಳುವ ಇದೇ ಕೆಲಸ ಇನ್ನೂ ದೊಡ್ಡದಾಗಿ ನಡೆಯುತ್ತದೆ. ಕೆಲವು ವರ್ಷ ವಾಣಿಜ್ಯ ಮಾರುತಗಳು ಸೊರಗಿ, ಪಶ್ಚಿಮದಲ್ಲಿ ಒಟ್ಟಾಗಿದ್ದ ಬಿಸಿನೀರು ಪೂರ್ವಕ್ಕೆ ಹರಡುತ್ತದೆ. ಆಗ ಪೆರುವಿನ ತಣ್ಣೀರು ಆಳಕ್ಕಿಳಿಯುತ್ತದೆ, ಆಂಚೊವಿ ಮೀನೂ ಅದರ ಹಿಂದೆ. 1982-83ರಲ್ಲಿ ಅಲ್ಲಿನ ನಡುಗಡ್ಡೆಗಳ ನೀರುಕಾಗೆಗಳು ಮರಿಗಳನ್ನೂ ಬಿಟ್ಟು ಗೂಡು ತೊರೆದವು. ಬಿಸಿನೀರಿನ ಈ ಹರಡುವಿಕೆಯೇ ಎಲ್ ನಿನೊ. 2012ರಲ್ಲಿ ಸುಮಾರು 4 ಲಕ್ಷ ಟನ್ನಿದ್ದ ಕೇರಳದ ಬೂತಾಯಿ ಇಳುವರಿ 2016ರಲ್ಲಿ 50 ಸಾವಿರ ಟನ್ನಿಗೂ ಕೆಳಗೆ ಇಳಿದದ್ದರಲ್ಲಿ ಅದರ ಪಾಲೂ ಇತ್ತು. ಪೂರ್ತಿ ತಪ್ಪನ್ನು ಕಡಲಿನ ಮೇಲೆ ಹೊರಿಸಲು ನಾನು ಒಪ್ಪುವುದಿಲ್ಲ. ಬಲೆಗಳೂ ಅದಕ್ಕೆ ಮೊದಲೇ ಅತಿಯಾಗಿ ಬಾಚಿದ್ದವು.

ಮಳೆಮೋಡ ಬಿಸಿನೀರನ್ನು ಹಿಂಬಾಲಿಸುತ್ತದೆ; ಆ ನೀರು ಪೂರ್ವಕ್ಕೆ ಸರಿದ ವರ್ಷ ನಮ್ಮಲ್ಲಿ ಮಳೆ ಕುಂದಬಹುದು. 2023ರ ಎಲ್ ನಿನೊದಲ್ಲಿ ಭಾರತ ಕಂಡಷ್ಟು ಒಣ ಆಗಸ್ಟ್ 1901ರಿಂದೀಚೆಗೆ ದಾಖಲಾಗಿರಲಿಲ್ಲ. ಆದರೂ ಪೆಸಿಫಿಕ್ ಒಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. 1997ರಲ್ಲಿ ಎಲ್ ನಿನೊ ಬಲು ಜೋರಾಗಿದ್ದರೂ ದೇಶದ ಮುಂಗಾರು ಕೈಕೊಡಲಿಲ್ಲ. ಆ ವರ್ಷ ಹಿಂದೂ ಮಹಾಸಾಗರವೇ ತನ್ನೊಳಗೆ ವಾಲಿತ್ತು: ಆಫ್ರಿಕದ ಕಡೆ ಬಿಸಿ, ಸುಮಾತ್ರದ ಕಡೆ ತಂಪು. ಕೀನ್ಯಾ, ಸೊಮಾಲಿಯಾಗಳಲ್ಲಿ ನೆರೆ ಬಂತು. ಸುಮಾತ್ರ, ಬೋರ್ನಿಯೊಗಳ ಒಣಗಿದ ಕಾಡುಗಳಲ್ಲಿ ಹೊತ್ತಿದ ಬೆಂಕಿ ತಿಂಗಳುಗಟ್ಟಲೆ ಆರಲಿಲ್ಲ.