ಬ್ಯಾಂಕು ಮತ್ತು ಗ್ರಾಹಕನ ಗುಟ್ಟು

ಬ್ಯಾಂಕಿನಲ್ಲಿ ಖಾತೆ ತೆರೆಯುವವನು ಹಣದೊಡನೆ ತನ್ನ ವಿಳಾಸ, ಕಸುಬು ಮೊದಲಾದ ವಿವರಗಳನ್ನೂ ಒಪ್ಪಿಸುತ್ತಾನೆ. ಮುಂದೆ ಅವನ ಒಂದೊಂದು ಚೆಕ್ಕೂ ಅವನ ಬಾಳಿನ ಒಂದೊಂದು ಸಂಗತಿಯನ್ನು ಬ್ಯಾಂಕಿಗೆ ತಿಳಿಸುತ್ತದೆ. ಈ ತಿಳಿವಳಿಕೆಯನ್ನು ಬ್ಯಾಂಕು ಪರರಿಗೆ ಕೊಡಬಹುದೇ?

ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು ಟೂರ್ನಿಯರ್ ಮೊಕದ್ದಮೆಯಲ್ಲಿ ಇದನ್ನು ವಿಚಾರಿಸಿತು. ಶಾಖೆಯ ವ್ಯವಸ್ಥಾಪಕನು ಗ್ರಾಹಕನ ಸಾಲದ ಸಂಗತಿಯನ್ನು ಅವನ ಧಣಿಗಳಿಗೆ ತಿಳಿಸಿದ್ದನು. ಗ್ರಾಹಕನು ಕೆಲಸ ಕಳೆದುಕೊಂಡಿದ್ದನು. ಗುಟ್ಟು ಕಾಯುವುದು ಒಪ್ಪಂದದ ಅಂಗವೆಂದು ಸಾರಿದ ನ್ಯಾಯಾಲಯವು ನಾಲ್ಕು ಅಪವಾದಗಳನ್ನು ಹೇಳಿತು: ಕಾನೂನಿನ ಕಟ್ಟಳೆ, ಸಾರ್ವಜನಿಕ ಕರ್ತವ್ಯ, ಬ್ಯಾಂಕಿನ ಹಿತ, ಗ್ರಾಹಕನ ಸಮ್ಮತಿ.

ನಮ್ಮ ದೇಶದಲ್ಲಿ 1970ರ ಬ್ಯಾಂಕು ರಾಷ್ಟ್ರೀಕರಣ ಶಾಸನದ 13ನೆಯ ಪ್ರಕರಣವು ಗೋಪ್ಯಪಾಲನೆಯನ್ನು ವಿಧಿಸಿದೆ. ಕಾಗದಪತ್ರಗಳು ಬ್ಯಾಂಕಿನ ವಶಕ್ಕೆ ಬಂದ ಮಾತ್ರಕ್ಕೆ ಗ್ರಾಹಕನ ಗೋಪ್ಯತೆಯ ಹಕ್ಕು ಅಳಿಯದೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಕೆನರಾ ಬ್ಯಾಂಕಿನ ಮೊಕದ್ದಮೆಯಲ್ಲಿ ತೀರ್ಪಿತ್ತಿತು.

ಆದರೆ ಮೊದಲನೆಯ ಅಪವಾದವು ಬಹಳವಾಗಿ ಬೆಳೆದಿದೆಯೆಂಬುದನ್ನು ನಾವು ಮರೆಯಲಾಗದು. 2005ರ ಸಾಲಮಾಹಿತಿ ಕಂಪನಿಗಳ ಶಾಸನದಂತೆ ಸಾಲಗಾರನ ಮರುಪಾವತಿಯ ವಿವರವು ಆ ಕಂಪನಿಗಳಿಗೆ ಹೋಗಲೇಬೇಕು; ಅಲ್ಲಿಂದ ಇತರ ಬ್ಯಾಂಕುಗಳು ಅದನ್ನು ಪಡೆಯುತ್ತವೆ. ಅಲ್ಲಿ ನುಸುಳಿದ ಒಂದು ತಪ್ಪು ಎಲ್ಲ ಬಾಗಿಲುಗಳನ್ನೂ ಮುಚ್ಚಿಸಬಲ್ಲುದು. ಆದುದರಿಂದಲೇ ಅದೇ ಶಾಸನದ 21ನೆಯ ಪ್ರಕರಣವು ತನ್ನ ವಿವರವನ್ನು ಕೇಳಿ ಪಡೆಯುವ, ತಪ್ಪಿದ್ದರೆ ತಿದ್ದಿಸುವ ಹಕ್ಕನ್ನು ಸಾಲಗಾರನಿಗೆ ಕೊಟ್ಟಿದೆ. ಗುಟ್ಟು ಬ್ಯಾಂಕಿನ ಹೊರಗೆ ಹೋಗುವುದು ಅನಿವಾರ್ಯವಾದೆಡೆ ಗ್ರಾಹಕನಿಗೆ ಉಳಿಯುವ ರಕ್ಷೆ ಇದೇ ಎಂದು ನಾವು ಭಾವಿಸುತ್ತೇವೆ.